ಸಕಮ್: ಮಣಿಯುವುದೂ ಹೌದು, ಮಡಿಯುವುದೂ ಹೌದು

ಇಂಗ್ಲಿಷ್ ಪತ್ರಿಕೆಗಳ ಅಪಘಾತ ವರದಿಗಳನ್ನು ಓದುವವರಿಗೆ ‘ಸಕಮ್ಡ್ ಟು ಇಂಜುರೀಸ್’ ಎಂಬ ಪದಪುಂಜ ಚಿರಪರಿಚಿತ. ಇದೇ ಸಂದರ್ಭದಲ್ಲಿ ಕನ್ನಡ ಪತ್ರಿಕೆಗಳು ‘ಚಿಕಿತ್ಸೆ ಫಲಕಾರಿಯಾಗದೆ ಮೃತಪಟ್ಟರು’ ಎಂದು ಬರೆಯುತ್ತವೆ. ಆದರೆ ಸಕಮ್ ಎಂಬ ಕ್ರಿಯಾಪದದ ಮೂಲಾರ್ಥ ಸಾಯುವುದಲ್ಲ, ಮಣಿಯುವುದು.

ಬರವಣಿಗೆಯಲ್ಲಿ ಎರಡು ‘ಸಿ’ ಹಾಗೂ ಕೊನೆಯಲ್ಲೊಂದು ‘ಬಿ’ ಇರುವ ಈ ಪದವನ್ನು ‘ಸಕ್ಕಂಬ್’ ಎಂದು ಉಚ್ಚರಿಸುವವರಿದ್ದಾರೆ. ಇಲ್ಲಿ ‘ಬಿ’ ಮೌನಾಕ್ಷರವಾದ್ದರಿಂದ ‘ಸಕಮ್’ ಎಂಬುದೇ ಸರಿ. ಲ್ಯಾಟಿನ್ ಭಾಷೆಯಲ್ಲಿ ‘ಸಬ್’ ಎಂದರೆ ಕೆಳಗೆ, ‘ಕುಂಬೆರೆ’ ಎಂದರೆ ಒರಗು. ಭಾರದ ಅಡಿಯಲ್ಲಿ ಕುಸಿದು ಒರಗುವ ಚಿತ್ರವೇ ಈ ಪದದ ಮೂಲ. ಚುನಾವಣೆಯ ವೇಳೆ ಕೇಳಿಬರುವ ‘ಇನ್‌ಕಂಬೆಂಟ್’, ಅಂದರೆ ಹಾಲಿ ಅಧಿಕಾರದಲ್ಲಿರುವವರು ಎಂಬ ಪದವೂ ಇದೇ ಧಾತುವಿನಿಂದ ಬಂದದ್ದು.

ಒತ್ತಡ, ಆಮಿಷ, ರೋಗ ಇವುಗಳೊಂದಿಗೆ ಸಕಮ್ ಬಳಕೆಯಾಗುತ್ತದೆ. ಬಳಿಕ ‘ಟು’ ಬರಬೇಕೇ ಹೊರತು ‘ಫ್ರಮ್’ ಅಲ್ಲ. ಕನ್ನಡದಲ್ಲಿ ಒತ್ತಡಕ್ಕೆ ಮಣಿದರು, ಆಮಿಷಕ್ಕೆ ಬಲಿಯಾದರು ಎಂದು ಸಂದರ್ಭಾನುಸಾರ ಹೇಳಬಹುದು.

ಸಮೀಪಾರ್ಥದ ಪದಗಳೊಂದಿಗೆ ಇದನ್ನು ಬೆರೆಸಬಾರದು. ‘ಯೀಲ್ಡ್’ ಎಂಬುದರಲ್ಲಿ ತಾನಾಗಿಯೇ ದಾರಿ ಬಿಡುವ ಅರ್ಥವೂ ಉಂಟು. ‘ಸರೆಂಡರ್’ ವಿಧ್ಯುಕ್ತ ಶರಣಾಗತಿ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಜನರಲ್ ನಿಯಾಜಿ ಸಹಿ ಹಾಕಿದ ಪತ್ರದಲ್ಲಿದ್ದುದು ಸರೆಂಡರ್ ಎಂಬ ಪದ. ಸಕಮ್‌ಗೆ ಸಹಿಯೂ ಬೇಕಿಲ್ಲ, ಸಮ್ಮತಿಯೂ ಬೇಕಿಲ್ಲ. ಎದುರಿಸಿ ನಿಂತು, ತಾಳಲಾರದೆ ಕುಸಿಯುವುದೇ ಅದರ ತಿರುಳು.

ಈ ಕಾರಣದಿಂದಲೇ ಸಾವಿನ ವರದಿಯಲ್ಲಿ ಎಚ್ಚರ ಅಗತ್ಯ. ಗಾಯಗೊಂಡ ವ್ಯಕ್ತಿ ಕೆಲಕಾಲ ಬದುಕಿದ್ದು ಬಳಿಕ ಮೃತಪಟ್ಟಾಗ ಮಾತ್ರ ‘ಸಕಮ್ಡ್ ಟು ಇಂಜುರೀಸ್’ ಹೊಂದುತ್ತದೆ. ಸ್ಥಳದಲ್ಲೇ ಅಸುನೀಗಿದವರ ಬಗ್ಗೆ ಹಾಗೆ ಬರೆಯುವುದು ಅಸಮಂಜಸ. ‘ಸಕಮ್ಡ್ ಟು ಡೆತ್’ ಎಂಬುದಂತೂ ಪುನರುಕ್ತಿ.

ಇದು ಕೇವಲ ವ್ಯಾಕರಣದ ಪ್ರಶ್ನೆಯಲ್ಲ. ಸಾವಿಗೆ ಆ ಗಾಯಗಳೇ ಕಾರಣ ಎಂಬ ನಿರ್ಣಯ ಈ ಪದದಲ್ಲಿ ಅಡಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಪ್ರಕಾರ, ದುಡುಕು ಅಥವಾ ನಿರ್ಲಕ್ಷ್ಯದಿಂದ ತೀವ್ರ ಗಾಯ ಉಂಟುಮಾಡಿದವರಿಗೆ ಗರಿಷ್ಠ 3 ವರ್ಷ ಸೆರೆವಾಸ. ಗಾಯಾಳು ಮೃತಪಟ್ಟರೆ ಅನ್ವಯವಾಗುವ 106ನೇ ಕಲಂ ಅನ್ವಯ ಶಿಕ್ಷೆ ಸಾಮಾನ್ಯವಾಗಿ 5 ವರ್ಷದವರೆಗೆ ಏರುತ್ತದೆ. ಸಾವಿನ ಕಾರಣವನ್ನು ತಿಳಿಸಬೇಕಾದುದು ಮರಣೋತ್ತರ ಪರೀಕ್ಷೆ. ಆ ವರದಿ ಬರುವವರೆಗೆ ‘ಆಸ್ಪತ್ರೆಯಲ್ಲಿ ನಿಧನರಾದರು’ ಎಂದಷ್ಟೇ ಬರೆಯುವುದು ಲೇಸು.