ಯಾವ ನಕ್ಷೆಯಲ್ಲೂ ಇಲ್ಲದ ಆ ಗಲ್ಲಿ

ಮುಂಬಯಿಯಲ್ಲಿ ನಮ್ಮವರಿಗೆ ಗಲ್ಲಿ ಹೊಸತಲ್ಲ. ಊರು ಬಿಟ್ಟು ಬಂದು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಹಿರಿಯರು ಸಂಸಾರ ಹೂಡಿದ್ದು ಚಾಳಿನ ಒಂದು ಕೋಣೆಯಲ್ಲಿ. ಮಕ್ಕಳು ಬೆಳೆದದ್ದು ಮಾತ್ರ ಹೊರಗಿನ ಗಲ್ಲಿಯಲ್ಲಿ. ಕ್ರಿಕೆಟ್ ಆಡುತ್ತ ಮರಾಠಿ ಬಂತು, ಕಿರಾಣಿ ಅಂಗಡಿಯಲ್ಲಿ ಹಿಂದಿ ಬಂತು, ಊಟದ ಹೊತ್ತಿಗೆ ಅಮ್ಮ ಬಾಗಿಲಲ್ಲಿ ನಿಂತು ತುಳುವಿನಲ್ಲೋ ಕನ್ನಡದಲ್ಲೋ ಕೂಗಿ ಕರೆದರೆ ಇಡೀ ಗಲ್ಲಿಗೆ ಕೇಳುತ್ತಿತ್ತು.

ಅಂಥದೊಂದು ಗಲ್ಲಿ 2006ರ ಆಗಸ್ಟ್ 15ರಂದು ಟಿ.ವಿ. ಪೆಟ್ಟಿಗೆಯೊಳಗೆ ಬಂದು ಕುಳಿತಿತು. ಕಾರ್ಯಕ್ರಮದ ಹೆಸರು ‘ಗಲ್ಲಿ ಗಲ್ಲಿ ಸಿಮ್ ಸಿಮ್’. ಪೋಗೋ ಮತ್ತು ಕಾರ್ಟೂನ್ ನೆಟ್‌ವರ್ಕ್ ವಾಹಿನಿಗಳಲ್ಲಿ ಆರಂಭವಾಗಿ ಬಳಿಕ ದೂರದರ್ಶನಕ್ಕೂ ಬಂತು. ಎರಡು ಜಡೆ ಹಾಕಿ ಶಾಲಾ ಸಮವಸ್ತ್ರ ತೊಟ್ಟ ಐದು ವರ್ಷದ ಚಮ್ಕಿ, ನೀಲಿ ಬಣ್ಣದ ಗೂಗ್ಲಿ, ಸೀನಿದೊಡನೆ ಬೇರೊಂದು ಊರಿಗೆ ಹೋಗಿ ಬೀಳುವ ಆಂಛೂ, ಸಸ್ಯಾಹಾರಿಯಾದ ಸಿಂಹ ಬೂಂಬಾ... ಇವರೆಲ್ಲ ಮನುಷ್ಯರ ನಡುವೆಯೇ ನೆರೆಕರೆಯವರಂತೆ ಇದ್ದರು.

ಈ ಗಲ್ಲಿಯ ಮೂಲ ನ್ಯೂಯಾರ್ಕ್. 1969ರ ನವೆಂಬರ್ 10ರಂದು ಅಮೆರಿಕದಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಇದರ ತಾಯಿ. ಸೆಸಮಿ ಎಂದರೆ ಎಳ್ಳು, ಅರಬ್ಬಿಯಲ್ಲಿ ಸಿಮ್‌ಸಿಮ್. ಆಲಿಬಾಬಾನ ಗುಹೆ ತೆರೆದ ಮಾತು ಅದೇ. ತಿಳ್‌ಗುಳ್ ಹಂಚುವ ಈ ಊರಿಗೆ ಎಳ್ಳಿನ ಬೀದಿ ಒಪ್ಪದೆ ಇದ್ದೀತೇ!

ಅದಕ್ಕೂ ಒಂದು ವರ್ಷ ಮೊದಲು ರಾಷ್ಟ್ರಮಟ್ಟದಲ್ಲಿ ಬಂದಿದ್ದ ಫ್ರೆಡ್ ರೋಜರ್ಸ್ ಅವರ ಮಕ್ಕಳ ಕಾರ್ಯಕ್ರಮದಲ್ಲಿ ಗೊಂಬೆಗಳಿಗೆ ಪ್ರತ್ಯೇಕ ಕಲ್ಪನಾ ಲೋಕ, ಅಲ್ಲೊಂದು ಅರಮನೆ. ಅಲ್ಲಿಗೆ ಹೋಗಲು ಪುಟ್ಟ ಟ್ರಾಲಿ ಗಾಡಿ. ಆದರೆ ಜೋನ್ ಗಾಂಜ್ ಕೂನಿ ಮತ್ತವರ ಸಂಗಡಿಗರಿಗೆ ಬೇಕಾಗಿದ್ದುದು ನಗರದ ಬಡ ಮಕ್ಕಳ ಗಮನ. ಆದ್ದರಿಂದ ಅರಮನೆ ಬೇಡವೆಂದು ಹಳೆ ಮನೆಗಳ ಮೆಟ್ಟಿಲು, ಕಸದ ಡಬ್ಬಿ, ಮೂಲೆಯಂಗಡಿ ಇರುವ ಬೀದಿಯನ್ನೇ ಕಟ್ಟಿದರು. ಗೊಂಬೆಗಳನ್ನೂ ಮನುಷ್ಯರನ್ನೂ ಬೆರೆಸಬೇಡಿ, ಮಕ್ಕಳಿಗೆ ಗೊಂದಲವಾದೀತು ಎಂದು ಪಂಡಿತರು ಸಲಹೆ ಕೊಟ್ಟಿದ್ದರು. ಆ ವರ್ಷದ ಜುಲೈಯಲ್ಲಿ ಮಾದರಿ ಕಂತುಗಳನ್ನು ಫಿಲಡೆಲ್ಫಿಯಾದ ಮಕ್ಕಳಿಗೆ ತೋರಿಸಿ ನೋಡಿದಾಗ, ಗೊಂಬೆ ಬಂದಾಗ ಕಣ್ಣರಳಿಸುತ್ತಿದ್ದ ಮಕ್ಕಳು ಬೀದಿಯ ದೃಶ್ಯ ಬಂದೊಡನೆ ಅತ್ತಿತ್ತ ನೋಡತೊಡಗಿದರು. ದೊಡ್ಡವರ ಬರಿಯ ಮಾತು ಯಾರಿಗೆ ಬೇಕು? ಪಂಡಿತರ ಮಾತು ಬದಿಗಿಟ್ಟು, ಎಂಟಡಿ ಎತ್ತರದ ಹಳದಿ ಹಕ್ಕಿ ‘ಬಿಗ್ ಬರ್ಡ್’ ಮತ್ತು ಕಸದ ಡಬ್ಬಿಯ ‘ಆಸ್ಕರ್’ ಗೊಂಬೆಗಳನ್ನು ಬೀದಿಗೇ ಇಳಿಸಿದರು. ಬೀದಿಗೆ ಜೀವ ಬಂತು.

ನಮ್ಮ ಕಡೆಯ ಗೊಂಬೆಯಾಟದ ರೀತಿಯೇ ಬೇರೆ. ಕುಂದಾಪುರ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟಕ್ಕೆ ಬೀದಿ, ಮನೆ ಕಟ್ಟುವ ಖರ್ಚಿಲ್ಲ. ಭಾಗವತರು ಪದ ಎತ್ತಿದರೆ ಲಂಕೆ, ಇನ್ನೊಂದು ಪದಕ್ಕೆ ಅಯೋಧ್ಯೆ. ಉಳಿದದ್ದನ್ನು ಪ್ರೇಕ್ಷಕನೇ ಕಟ್ಟಿಕೊಳ್ಳುತ್ತಾನೆ, ಯಾಕೆಂದರೆ ಕತೆ ಅವನಿಗೆ ಮೊದಲೇ ಗೊತ್ತು. ಟಿ.ವಿ. ಮುಂದೆ ಕುಳಿತ ಮೂರು ವರ್ಷದ ಮಗುವಿಗೆ ಏನೂ ಗೊತ್ತಿಲ್ಲ. ಅದಕ್ಕೆ ಗುರುತು ಸಿಗುವುದು ಅಂಗಡಿ, ಮೆಟ್ಟಿಲು, ನೆರೆಮನೆಯವರು ಮಾತ್ರ. ಬಾಂಗ್ಲಾದೇಶದವರು 2005ರಲ್ಲಿ ತಮ್ಮ ‘ಸಿಸಿಂಪುರ’ಕ್ಕೆ ನಗರದ ಬೀದಿ ಬಿಟ್ಟು ಆಲದ ಮರವಿರುವ ಹಳ್ಳಿಯನ್ನು ಆರಿಸಿದ್ದೂ ಇದೇ ಕಾರಣಕ್ಕಿರಬೇಕು.

ಸುಳ್ಳು ಬೀದಿಯಲ್ಲಿ ನಿಜವಾದ ಸಾವೂ ಆಗಿದೆ. ನ್ಯೂಯಾರ್ಕಿನ ಆ ಬೀದಿಯ ಅಂಗಡಿಕಾರ ಹೂಪರ್ ಪಾತ್ರಧಾರಿ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೊಬ್ಬ ನಟನನ್ನು ತಂದು ನಿಲ್ಲಿಸಬಹುದಿತ್ತು, ಅಥವಾ ಊರಿಗೆ ಹೋದರೆಂದು ತೇಲಿಸಬಹುದಿತ್ತು. ಹಾಗೆ ಮಾಡದೆ, 1983ರ ನವೆಂಬರಿನ ಕಂತಿನಲ್ಲಿ ಹೂಪರ್ ಸತ್ತಿದ್ದಾರೆ, ಇನ್ನು ಬರುವುದಿಲ್ಲ ಎಂದು ಹಕ್ಕಿಗೆ ಹಿರಿಯರೆಲ್ಲ ಸೇರಿ ಬಿಡಿಸಿ ಹೇಳಿದರು. ಚಾಳಿನಲ್ಲಿ ಬೆಳೆದವರಿಗೆ ಇದು ಅರ್ಥವಾದೀತು. ಅಲ್ಲಿ ಸಾವನ್ನು ಮಕ್ಕಳಿಂದ ಮುಚ್ಚಿಡಲು ಜಾಗವೇ ಇರಲಿಲ್ಲ.

ನಮ್ಮ ‘ಸಿಮ್ ಸಿಮ್’ ತಂಡ ಇನ್ನೊಂದು ಒಳ್ಳೆಯ ಕೆಲಸ ಮಾಡಿತ್ತು. ತರಕಾರಿ ಮಾರುವ ತಳ್ಳುಗಾಡಿಗಳಲ್ಲಿ ಟಿ.ವಿ. ಇರಿಸಿ, ಟಿ.ವಿ. ಇಲ್ಲದ ಮಕ್ಕಳಿದ್ದ ಕೊಳೆಗೇರಿಗಳಿಗೆ ಒಯ್ದು ತೋರಿಸಿತು. ಗಲ್ಲಿಯೊಳಗೇ ಗಲ್ಲಿ ಬಂದಂತಾಯಿತು.

ಈಗ ವರ್ಲಿಯ ಬಿ.ಡಿ.ಡಿ. ಚಾಳುಗಳ ಜಾಗದಲ್ಲಿ ಗೋಪುರಗಳು ಎದ್ದಿವೆ. ಸ್ವಂತ ಸ್ನಾನಗೃಹ, ಲಿಫ್ಟು ಸಿಕ್ಕಿದವರನ್ನು ಹಳೆಯ ಗಲ್ಲಿಗೆ ಮರಳಿ ಎನ್ನುವ ಹಕ್ಕು ಯಾರಿಗೂ ಇಲ್ಲ, ಈ ಬರೆಹಗಾರನಿಗಂತೂ ಇಲ್ಲ. ಆದರೆ ಇಪ್ಪತ್ತನೆಯ ಮಹಡಿಯಲ್ಲಿ ಹುಟ್ಟಿದ ಮಗುವಿಗೆ ಟಿ.ವಿ.ಯ ಗಲ್ಲಿಯೂ ಲಂಕೆ, ಅಯೋಧ್ಯೆಯಷ್ಟೇ ದೂರದ ಊರಾಗಿಬಿಟ್ಟರೆ?

ಒಂದು ಕೊರತೆಯನ್ನೂ ಹೇಳಲೇಬೇಕು. ನಮ್ಮ ಮನೆಗಳಲ್ಲಿ ನೋಡಿದ ಆ ಗಲ್ಲಿ ಮಾತನಾಡುತ್ತಿದ್ದುದು ಹಿಂದಿ. ಚಮ್ಕಿ ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಿದ್ದಳು, ಮೊಮ್ಮಗು ಹಿಂದಿಯಲ್ಲೇ ಉತ್ತರಿಸುತ್ತಿತ್ತು. ಪಕ್ಕದಲ್ಲಿ ಬೀನ್ಸ್ ಮುರಿಯುತ್ತ ಕುಳಿತ ಅಜ್ಜಿ, ‘ಆ ಹುಡುಗಿ ಏನು ಕೇಳಿದಳು ಮಗಾ?’ ಎಂದಾಗ, ಅದನ್ನು ಕನ್ನಡದಲ್ಲಿ ಹೇಳಲು ಮಗು ಸ್ವಲ್ಪ ಹೊತ್ತು ತಡವರಿಸುತ್ತಿತ್ತು.