ಇದು ಅದೇ ಕಂಪ್ಯೂಟರಾ?

ಲೈಸೆನ್ಸ್ ಇಲ್ಲದ ಟ್ಯಾಲಿ ಕೂಡ ತೆರೆದುಕೊಳ್ಳುತ್ತದೆ, ಲೆಕ್ಕ ಬರೆಯಲೂ ಬಿಡುತ್ತದೆ. ಆದರೆ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ. ಕಂಪ್ಯೂಟರ್ ತರಗತಿಗಳಲ್ಲಿ ಕಲಿತವರಿಗೆ ಈ ‘ಎಜುಕೇಶನಲ್ ಮೋಡ್’ ಚೆನ್ನಾಗಿ ಗೊತ್ತು. ದುಡ್ಡು ಕೊಟ್ಟು ಲೈಸೆನ್ಸ್ ಪಡೆದ ಅಂಗಡಿಯವರೂ ಹೊಸ ಕಂಪ್ಯೂಟರ್ ತಂದ ದಿನ ಇದೇ ಮೋಡ್‌ಗೆ ಬಂದು ಬೀಳುವುದುಂಟು. ಹಳೆಯ ಡಿಸ್ಕಿನ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿರುತ್ತಾರೆ. ಲೆಡ್ಜರ್, ವೋಚರ್, ಸ್ಟಾಕ್ ಎಲ್ಲ ಬಂದಿರುತ್ತದೆ, ಲೈಸೆನ್ಸ್ ಒಂದು ಬಂದಿರುವುದಿಲ್ಲ.

ಕಾರಣ ಸರಳ. ಡಿಜಿಟಲ್ ಫೈಲಿನಲ್ಲಿ ಅಸಲು, ನಕಲು ಎಂಬ ಭೇದವೇ ಇಲ್ಲ. ಕಾಪಿ ಮಾಡಲಾಗದ ಲೈಸೆನ್ಸ್ ಫೈಲನ್ನು ಯಾರೂ ಬರೆಯಲಾರರು. ಹಾಗಾಗಿ ಫೈಲನ್ನು ಕಾಯುವ ಬದಲು ಯಂತ್ರವನ್ನು ಗುರುತಿಡುವ ದಾರಿಯನ್ನು ಕಂಪನಿಗಳು ಹಿಡಿದವು. ಹಿಂದೆ ಡಿಟಿಪಿ ಅಂಗಡಿಗಳಲ್ಲಿ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುತ್ತಿದ್ದ ಡಾಂಗಲ್ ಈ ಕೆಲಸ ಮಾಡುತ್ತಿತ್ತು. ಕಂಪ್ಯೂಟರ್ ಬದಲಿಸಿದರೆ ಡಾಂಗಲ್ ಕಿತ್ತು ಹೊಸದಕ್ಕೆ ಚುಚ್ಚಿದರಾಯಿತು. ಕಳೆದುಹೋದರೆ ಮಾತ್ರ ತಂತ್ರಾಂಶವೇ ಕಳೆದಂತೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ಯಂತ್ರವೇ ತನ್ನ ಗುರುತು ಹೇಳಿಕೊಳ್ಳುವ ಪದ್ಧತಿಯನ್ನು ಮನೆಮನೆಗೆ ತಂದಿತು. ನಾವು ಟೈಪ್ ಮಾಡುತ್ತಿದ್ದ ಕೀಯಲ್ಲಿ 25 ಅಕ್ಷರ. ಅದಕ್ಕೆ ಬಳಸಿದ್ದು ಒಟ್ಟು 24 ಚಿಹ್ನೆಗಳನ್ನು ಮಾತ್ರ. ಸೊನ್ನೆಯೂ ಇಲ್ಲ, ‘ಓ’ ಕೂಡ ಇಲ್ಲ. 1, ‘ಐ’, ‘ಎಲ್’ ಮೂರೂ ಇಲ್ಲ. 5 ಮತ್ತು ‘ಎಸ್’ ಎರಡೂ ಇಲ್ಲ. ಸಿ.ಡಿ. ಡಬ್ಬಿಯ ಮೇಲಿನ ಸಣ್ಣಕ್ಷರ ಓದಲು ತಿಣುಕುವವರ ಮೇಲೆ ಯಾರೋ ಕರುಣೆ ತೋರಿದ್ದಾರೆ.

ಕೀ ಸರಿಯಿದೆ ಎಂದಾದ ಮೇಲೆ ತಂತ್ರಾಂಶ ಪೆಟ್ಟಿಗೆಯೊಳಗೆ ಕಣ್ಣಾಡಿಸುತ್ತಿತ್ತು. ಪ್ರೊಸೆಸರ್, ಹಾರ್ಡ್ ಡಿಸ್ಕ್, ಮೆಮೊರಿಯ ಪ್ರಮಾಣ, ಡಿಸ್‌ಪ್ಲೇ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಸಿ.ಡಿ. ಡ್ರೈವ್ ಹೀಗೆ ಹತ್ತು ಗುರುತುಗಳು. ಒಂದೊಂದನ್ನೂ ಗಣಿತದ ಸೂತ್ರದಲ್ಲಿ ಅರೆದು ಕೆಲವೇ ಬಿಟ್‌ಗಳ ಸಂಖ್ಯೆ ಮಾಡುತ್ತಿತ್ತು. ಎಷ್ಟೋ ಬೇರೆ ಬೇರೆ ಡಿಸ್ಕುಗಳಿಗೆ ಒಂದೇ ಸಂಖ್ಯೆ ಬರಬಹುದು, ಆದ್ದರಿಂದ ಸಂಖ್ಯೆ ನೋಡಿ ಅದು ಯಾವ ಡಿಸ್ಕ್ ಎಂದು ಹೇಳಲಾಗದು. ಇವೆಲ್ಲ ಸೇರಿದ 50 ಅಂಕಿಗಳ ಸಂಖ್ಯೆ ಕಂಪನಿಗೆ ಹೋಗುತ್ತಿತ್ತು. ಇಂಟರ್‌ನೆಟ್ ಇಲ್ಲದವರು ಅದನ್ನು ಫೋನಿನಲ್ಲಿ ಓದಿ ಹೇಳಿ, ಉತ್ತರವಾಗಿ ಬಂದ 42 ಅಂಕಿಗಳನ್ನು ಬರೆದುಕೊಳ್ಳಬೇಕಿತ್ತು!

ಈಗಿನ ಪದ್ಧತಿಗಳಲ್ಲಿ ಕಂಪನಿಯಿಂದ ಬರುವ ಉತ್ತರಕ್ಕೆ ಡಿಜಿಟಲ್ ಸಹಿ ಇರುತ್ತದೆ. ಸಹಿ ಹಾಕುವ ಗುಪ್ತ ಸಂಖ್ಯೆ ಕಂಪನಿಯ ಸರ್ವರಿನಲ್ಲಷ್ಟೇ ಇರುತ್ತದೆ. ನಮ್ಮ ಕಂಪ್ಯೂಟರಿನಲ್ಲಿರುವುದು ಆ ಸಹಿಯನ್ನು ಪರೀಕ್ಷಿಸುವ ಸಂಖ್ಯೆ ಮಾತ್ರ. ಪರೀಕ್ಷಿಸಬಲ್ಲವನಿಗೆ ಸಹಿ ಹಾಕಲು ಬರುವುದಿಲ್ಲ ಎನ್ನುವುದೇ ಇಲ್ಲಿನ ಗಣಿತ. ಉತ್ತರದಲ್ಲಿ ಒಂದು ಅಂಕಿ ತಿದ್ದಿದರೂ ಸಹಿ ತಾಳೆಯಾಗದು.

ಹಾಗಾದರೆ ಮೆಮೊರಿ ಹೆಚ್ಚಿಸಿಕೊಂಡರೆ ಕಂಪ್ಯೂಟರ್ ‘ಬೇರೆ’ಯಾಯಿತೇ? ಎಕ್ಸ್‌ಪಿ ಇದನ್ನು ಮತ ಎಣಿಸಿ ತೀರ್ಮಾನಿಸುತ್ತಿತ್ತು. ಮೇಜಿನ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕಾರ್ಡ್ ಹಳೆಯದೇ ಇದ್ದರೆ, ಉಳಿದವುಗಳಲ್ಲಿ ಆರು ಬದಲಾಗುವವರೆಗೂ ಸುಮ್ಮನಿರುತ್ತಿತ್ತು. ಆ ಕಾರ್ಡೇ ಬದಲಾಗಿದ್ದರೆ ನಾಲ್ಕಕ್ಕೇ ತಕರಾರು ತೆಗೆಯುತ್ತಿತ್ತು. ಇಂದಿನ ವಿಂಡೋಸ್‌ನಲ್ಲಿ ಹೆಚ್ಚಿನ ತೂಕ ಮದರ್‌ಬೋರ್ಡಿಗೆ.

ಹೊಸ ಲ್ಯಾಪ್‌ಟಾಪಿನ ಜೊತೆಗೇ ಬರುವ ವಿಂಡೋಸ್ ಲೈಸೆನ್ಸ್ ಆ ಲ್ಯಾಪ್‌ಟಾಪಿಗೇ ಮೀಸಲು. ವಿಂಡೋಸ್ 8ರಿಂದೀಚೆಗೆ ತಯಾರಕರು ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಡುತ್ತಾರೆ. ಫಾರ್ಮ್ಯಾಟ್ ಮಾಡಿದ ಮೇಲೂ ಕೀ ಕೇಳದಿರುವುದು ಅದಕ್ಕೇ. ಯಂತ್ರ ಗುಜರಿಗೆ ಹೋದರೆ ಲೈಸೆನ್ಸೂ ಜೊತೆಗೇ ಹೋಯಿತು. ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸನ್ನು ಮಾತ್ರ ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದು. ಕೊಳ್ಳುವಾಗ ಬೆಲೆಯಲ್ಲಿರುವ ವ್ಯತ್ಯಾಸಕ್ಕೆ ಅರ್ಥ ಬರುವುದು ವರ್ಷಗಳ ನಂತರ.

ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಇದಕ್ಕೆ ‘ಸರೆಂಡರ್’ ಎಂಬ ಆಯ್ಕೆಯೇ ಇದೆ. ಹಳೆಯ ಕಂಪ್ಯೂಟರಿನಲ್ಲಿ ಲೈಸೆನ್ಸನ್ನು ಸರೆಂಡರ್ ಮಾಡಿದರೆ ಕಂಪನಿಯ ಸರ್ವರ್ ಆ ಜಾಗ ಖಾಲಿಯಾಯಿತು ಎಂದು ದಾಖಲಿಸುತ್ತದೆ. ಹೊಸದರಲ್ಲಿ ಆಕ್ಟಿವೇಟ್ ಮಾಡಬಹುದು. ಸರೆಂಡರ್ ಮಾಡುವ ಮೊದಲೇ ಡಿಸ್ಕ್ ಕೈಕೊಟ್ಟರೆ, ನೋಂದಾಯಿಸಿದ ಇ-ಮೇಲ್ ಖಾತೆಯಿಂದ ರೀಸೆಟ್ ಮಾಡಿಸಬೇಕು.

ಇಷ್ಟೆಲ್ಲ ನಡೆಯುವುದು ಸರ್ವರ್ ಬದುಕಿರುವವರೆಗೆ. 2005ರ ಅಡೋಬಿ ಸಿಎಸ್2 ತಂತ್ರಾಂಶಗಳ ಆಕ್ಟಿವೇಶನ್ ಸರ್ವರನ್ನು ಕಂಪನಿ ಮುಂದೆ ನಿಲ್ಲಿಸಿಬಿಟ್ಟಿತು. ಹಳೆಯ ಗ್ರಾಹಕರಿಗೆಂದು ಆಕ್ಟಿವೇಶನ್ ಬೇಡದ ಪ್ರತಿಯನ್ನೂ ಸೀರಿಯಲ್ ನಂಬರನ್ನೂ 2013ರ ಜನವರಿಯ ಹೊತ್ತಿಗೆ ತನ್ನ ಜಾಲತಾಣದಲ್ಲೇ ಇಟ್ಟಿತ್ತು. ಫೋಟೋಶಾಪ್ ಪುಕ್ಕಟೆಯಾಯಿತೆಂದು ಜಗತ್ತೆಲ್ಲ ಮುಗಿಬಿದ್ದಾಗ, ಇದು ಕೊಂಡವರಿಗೆ ಮಾತ್ರ ಎಂದು ಸ್ಪಷ್ಟನೆ ಕೊಡಬೇಕಾಯಿತು. ಅಡೋಬಿ ಮಾಡಿದ್ದು ಸರಿಯಾದ ಕೆಲಸವೇ. ಆದರೆ ಅದು ಕಂಪನಿಯ ಔದಾರ್ಯವಾಗಿರದೆ ಗ್ರಾಹಕರ ಹಕ್ಕಾಗಬೇಕು ಎಂಬುದು ನನ್ನ ವಾದ. ಯುರೋಪಿನ ನ್ಯಾಯಾಲಯ 2012ರಲ್ಲೇ ಆ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಕಾಲಮಿತಿಯಿಲ್ಲದೆ ಕೊಂಡ ತಂತ್ರಾಂಶವನ್ನು, ತಮ್ಮಲ್ಲಿರುವ ಪ್ರತಿ ಅಳಿಸಿದರೆ, ಮರುಮಾರಾಟ ಮಾಡಬಹುದು ಎಂದು ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ಮೊಕದ್ದಮೆಯಲ್ಲಿ ಅದು ಹೇಳಿತು.

ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಹಳೆಯ ಕಂಪ್ಯೂಟರುಗಳು ಸಾಲುಸಾಲಾಗಿ ಮೂಲೆ ಸೇರುತ್ತಿವೆ. ನಿಮ್ಮದನ್ನು ಯಾರಿಗಾದರೂ ಕೊಡುವ ಮುಂಚೆ ಒಮ್ಮೆ ಚಾಲೂ ಮಾಡಿ, ಅದರಲ್ಲಿರುವ ಲೈಸೆನ್ಸುಗಳನ್ನು ಬಿಡಿಸಿಕೊಳ್ಳಿ. ಅವು ಯಾರ ಇ-ಮೇಲಿಗೆ ನೋಂದಣಿಯಾಗಿವೆ ಎಂದೂ ನೋಡಿ. ಕೆಲಸ ಬಿಟ್ಟುಹೋದ ಅಕೌಂಟೆಂಟ್ ಹೆಸರಿನಲ್ಲಿದ್ದರೆ ಇವತ್ತೇ ಅವರಿಗೊಂದು ಫೋನ್ ಮಾಡಿ.