ಬರಿಗಾಲ ಕಾಲ್ಚೆಂಡಿಗ ಅಹಮದ್ ಖಾನ್

ಭಟ್ಕಳ, ಹೊನ್ನಾವರ, ಕುಮಟೆಗಳ ಕಡಲ ಕರೆಯಲ್ಲಿ ಸಂಜೆಯ ಹೊತ್ತು ತಿರುಗಾಡಿದವರು ಒಂದು ನೋಟವನ್ನು ಕಂಡಿರಲೇಬೇಕು. ಇಳಿತದ ನೀರು ಹಿಂದೆ ಸರಿದೊಡನೆ ನೆನೆದ ಮಳಲು ಬಿಗಿದುಕೊಂಡು ಅಂಗಳದಂತಾಗುತ್ತದೆ. ನಾಲ್ಕು ಕೋಲುಗಳನ್ನು ನೆಟ್ಟರೆ ಅದೇ ಮೈದಾನ. ಹುಡುಗರು ಬರಿಗಾಲಿನಲ್ಲಿ ಚೆಂಡಿನ ಬೆನ್ನು ಹತ್ತುತ್ತಾರೆ. ಭರತಿಯ ಅಲೆ ಬಂದು ಕೋಲುಗಳನ್ನು ಮುಟ್ಟುವವರೆಗೂ ಆಟ ಸಾಗುತ್ತದೆ. ನಾವು ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ಸಂಗತಿ ಮನವರಿಕೆಯಾಗುವುದು. ಬಲವಾಗಿ ಒದೆಯುವವನಿಗೆ ಅಲ್ಲಿ ಮೇಲುಗೈಯಿಲ್ಲ. ಚೆಂಡನ್ನು ಬೆರಳುಗಳಿಂದ ತಡೆದು, ಅಂಗಾಲಿನಿಂದ ಹೊರಳಿಸಿ, ತನ್ನ ಜತೆಗಾರನ ಕಾಲಿಗೆ ಮೆಲ್ಲನೆ ಮುಟ್ಟಿಸಬಲ್ಲವನೇ ಜಾಣ. ಇಂಥ ಬರಿಗಾಲ ಜಾಣ್ಮೆಯನ್ನು ಲಂಡನ್ ನಗರದವರೆಗೂ ಕೊಂಡೊಯ್ದ ಕನ್ನಡನಾಡಿನ ಆಟಗಾರರೊಬ್ಬರ ವಿಚಾರವನ್ನು ಈ ಹೊತ್ತು ನಿರೂಪಿಸಬಯಸುತ್ತೇವೆ. ಅವರು ಬೆಂಗಳೂರಿನ ಅಹಮದ್ ಖಾನ್.

ಕಾಲ್ಚೆಂಡಾಟದಲ್ಲಿ ಹನ್ನೊಂದು ಮಂದಿಯೂ ಒಂದೇ ಕೆಲಸವನ್ನು ಮಾಡುವುದಿಲ್ಲವಷ್ಟೆ. ಹಳೆಯ ಪದ್ಧತಿಯಲ್ಲಿ ಗೋಲು ಕಾಯುವವನ ಮುಂದೆ ಇಬ್ಬರು ರಕ್ಷಕರು, ಅವರ ಮುಂದೆ ಮೂವರು ನಡುವಿನವರು, ತುದಿಯಲ್ಲಿ ಐವರು ದಾಳಿಗಾರರು. ಈ ಐವರಲ್ಲಿ ಒಳಬದಿಯ ಇಬ್ಬರು ಆಗಾಗ ಹಿಂದಕ್ಕೆ ಇಳಿದು, ನಡುವಿನವರಿಂದ ಚೆಂಡನ್ನು ಪಡೆದು, ಮುಂದಿನವರಿಗೆ ಒಪ್ಪಿಸಬೇಕು. ಶರಾವತಿಗೆ ಸೇತುವೆಯಿಲ್ಲದಿದ್ದ ಕಾಲದಲ್ಲಿ ಹೊನ್ನಾವರದ ಕಡವಿನ ಅಂಬಿಗನ ಕೆಲಸ ಯಾವುದೋ ಇದೂ ಅದೇ. ಈ ದಡದ ಹೊರೆಯನ್ನು ಆ ದಡಕ್ಕೆ ಮುಟ್ಟಿಸುವುದು ಅವನ ಕಸುಬು. ದಡ ಸೇರಿದ ಮೇಲೆ ಅಂಬಿಗನನ್ನು ನೆನೆಯುವವರು ವಿರಳ. ಗೋಲು ಹೊಡೆದವನ ಹೆಸರು ಪತ್ರಿಕೆಗೆ ಬರುತ್ತದೆ. ಹೊಡೆಯಿಸಿದವನ ಹೆಸರು ಆಟ ಬಲ್ಲವರ ಬಾಯಲ್ಲಿ ಮಾತ್ರ ಉಳಿಯುತ್ತದೆ.

ಈ ನಡುವಣ ಕಲೆಗೆ ಯೂರೋಪಿನಲ್ಲಿ ಹೆಸರಾದವರು ಆಸ್ಟ್ರಿಯಾ ದೇಶದ ಅರ್ನ್‌ಸ್ಟ್ ಒಟ್ಸ್‌ವಿರ್ಕ್. ಅವರು 1926ರ ಮಾರ್ಚಿಯಲ್ಲಿ ವಿಯೆನ್ನಾದಲ್ಲಿ ಹುಟ್ಟಿದರು. ನಮ್ಮ ಅಹಮದ್ ಖಾನರು ಅದೇ ವರ್ಷದ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಇತರ ದೇಶಗಳು ನಡುವಿನ ಆಟಗಾರನನ್ನು ಹಿಂದಕ್ಕೆಳೆದು ಮೂರನೆಯ ರಕ್ಷಕನನ್ನಾಗಿ ಮಾಡಿಕೊಂಡ ಮೇಲೆಯೂ ಆಸ್ಟ್ರಿಯನ್ನರು ಹಳೆಯ ಪದ್ಧತಿಯನ್ನು ಬಹುಕಾಲ ಬಿಡಲಿಲ್ಲ. ಒಟ್ಸ್‌ವಿರ್ಕರು ರಕ್ಷಣೆ ದಾಳಿಗಳೆರಡಕ್ಕೂ ಕೇಂದ್ರವಾಗಿ ನಿಂತು ಇಡೀ ಆಟವನ್ನು ನಡೆಸುತ್ತಿದ್ದರು. ಅವರ ನಾಯಕತ್ವದಲ್ಲಿ ಆಸ್ಟ್ರಿಯಾ 1954ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನವನ್ನು ಪಡೆಯಿತು.

ಅಹಮದ್ ಖಾನರ ಊರಾದ ಬೆಂಗಳೂರಿಗೂ ಈ ಆಟ ಹೊಸತಾಗಿರಲಿಲ್ಲ. ದಂಡುಪ್ರದೇಶದ ಆಂಗ್ಲ ಸೈನಿಕರು ಆಡುವುದನ್ನು ನೋಡಿ ನೋಡಿ ಸುತ್ತಣ ಬೀದಿಗಳ ಹುಡುಗರು ತಾವೂ ಕಲಿತರು. ಸೈನಿಕರಿಗೆ ಬೂಟು, ಹುಡುಗರಿಗೆ ಬರಿಗಾಲು, ವ್ಯತ್ಯಾಸ ಅಷ್ಟೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದರು. ಆ ಬಹುಮಾನವನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅವರೇ ಗೆದ್ದರು. ಅಹಮದ್ ಖಾನರು ಬೆಳೆದದ್ದು ಈ ಉತ್ಸಾಹದ ನಡುವೆ. ತಂದೆಯೂ ಸಹೋದರರೂ ಚೆಂಡಾಡಿದವರೇ.

1948ರ ಲಂಡನ್ ಒಲಿಂಪಿಕ್ಸ್ ಸ್ವತಂತ್ರ ಭಾರತಕ್ಕೆ ಮೊದಲನೆಯದು. ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ನಮ್ಮವರು ಫ್ರಾನ್ಸನ್ನು ಎದುರಿಸಿದರು. ತಾಲಿಮೆರೆನ್ ಆವೋ ನಾಯಕರು. ತಂಡದ ಬಹುಮಂದಿ ಬರಿಗಾಲಿನವರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಒಲಿಂಪಿಕ್ಸ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲು ಅದು. ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಆಟ ಮುಗಿಯಲು ನಿಮಿಷವೊಂದು ಉಳಿದಿದ್ದಾಗ ಫ್ರಾನ್ಸ್ ಎರಡನೆಯ ಗೋಲನ್ನು ಹೊಡೆಯಿತು. ಎರಡು ದಿನಗಳ ಬಳಿಕ ಒಟ್ಸ್‌ವಿರ್ಕರ ಆಸ್ಟ್ರಿಯಾ ಕೂಡ ಸ್ವೀಡನ್ನಿಗೆ ಮೊದಲ ಪಂದ್ಯದಲ್ಲೇ ಸೋತಿತು. ಒಂದೇ ವರ್ಷ ಹುಟ್ಟಿದ ಇಬ್ಬರು ಕುಶಲಿಗಳು ಒಂದೇ ಊರಿಗೆ ಬಂದು, ಒಬ್ಬರನ್ನೊಬ್ಬರು ಎದುರಿಸದೆಯೇ ಹಿಂದಿರುಗಿದರು.

1949ರಲ್ಲಿ ಅಹಮದ್ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಈ ಐವರು ದಕ್ಷಿಣದೇಶದವರನ್ನು ವಂಗದ ಜನರು ಪಂಚಪಾಂಡವರೆಂದು ಕರೆದರು. ಆ ವರ್ಷವೇ ತಂಡಕ್ಕೆ ಕಲಕತ್ತೆಯ ಲೀಗು, ಐ. ಎಫ್. ಎ. ಷೀಲ್ಡ್, ರೋವರ್ಸ್ ಕಪ್ ಮೂರೂ ದೊರೆತವು. ಷೀಲ್ಡನ್ನು 1951ರವರೆಗೆ ಎಡೆಬಿಡದೆ ಮೂರು ಸಲ ಗೆದ್ದರು. ಚೆಂಡು ಅಹಮದ್ ಖಾನರ ಕಾಲಿಗೆ ಬಂದರೆ, ಪುಂಗಿಗೆ ಹಾವು ಮಣಿಯುವಂತೆ ಮಣಿಯುತ್ತಿತ್ತಾದ್ದರಿಂದ, ಅವರಿಗೆ ಹಾವಾಡಿಗನೆಂಬ ಬಿರುದು ಬಂದಿತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನವನ್ನು ಪಡೆದ ಭಾರತದ ತಂಡದಲ್ಲಿಯೂ ಅವರಿದ್ದರು.

ಆದರೆ ಬರಿಗಾಲಿಗೆ ಒಂದು ಮಿತಿಯುಂಟು. 1952ರ ಜುಲೈ 15ರಂದು ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ನಮ್ಮವರನ್ನು ಹತ್ತಕ್ಕೆ ಒಂದರಂತೆ ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನರದು. ಹಸಿ ನೆಲದಲ್ಲಿ ಬರಿಗಾಲು ಜಾರುತ್ತದೆ. ಬೂಟಿನವನ ಎದುರು ಕಾಲು ಚಾಚಲು ಮೈ ಹಿಂಜರಿಯುತ್ತದೆ. ಆ ಸೋಲಿನ ತರುವಾಯ ಬೂಟು ಕಡ್ಡಾಯವಾಯಿತು. ಬೂಟು ತೊಟ್ಟ ಭಾರತ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಆದುದರಿಂದ ಆ ನಿರ್ಧಾರ ತಪ್ಪೆಂದು ನಾವು ಹೇಳಲಾರೆವು. ಆದರೆ ಬೂಟು ಕಾಲನ್ನು ಕಾಯಬಲ್ಲುದು. ಚೆಂಡಿನ ಸ್ಪರ್ಶಜ್ಞಾನವನ್ನು ಕೊಡಲಾರದು. ಅದು ಎಳವೆಯಲ್ಲಿ ಬರಿಯ ಪಾದಕ್ಕೆ ದಕ್ಕಿದ ವಿದ್ಯೆ.

ಒಟ್ಸ್‌ವಿರ್ಕರು ಇಟಲಿಯಲ್ಲಿಯೂ ಆಡಿ, ತಮ್ಮ ಹಳೆಯ ತಂಡಕ್ಕೆ ಗುರುಗಳೂ ಆಗಿ, 1980ರಲ್ಲಿ ತೀರಿಕೊಂಡರು. ಅಹಮದ್ ಖಾನರು ಸುಮಾರು ಹತ್ತು ವರ್ಷ ಕಲಕತ್ತೆಯಲ್ಲಿ ಆಡಿ, 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ, ಹುಟ್ಟಿದ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ವಂಗದೇಶ ಹೊತ್ತು ಮೆರೆಸಿದ ಅವರ ಹೆಸರನ್ನು ಕನ್ನಡದ ಮನೆಗಳಲ್ಲಿ ಬಲ್ಲವರು ಕೆಲವರೇ. ಪರನಾಡು ಕೊಟ್ಟ ಬಿರುದನ್ನು ತವರುನಾಡು ಮರೆಯುವುದು ಭೂಷಣವಲ್ಲ. ಇನ್ನೊಮ್ಮೆ ಕುಮಟೆಯ ಮಳಲಿನ ಮೇಲೆ ಬರಿಗಾಲ ಹುಡುಗನೊಬ್ಬ ಇಬ್ಬರನ್ನು ವಂಚಿಸಿ, ಗೋಲನ್ನು ತಾನು ಹೊಡೆಯದೆ ಗೆಳೆಯನ ಕಾಲಿಗೆ ಚೆಂಡನ್ನೊಪ್ಪಿಸುವುದನ್ನು ಕಂಡಾಗ, ಚಪ್ಪಾಳೆಯಲ್ಲಿ ಅರ್ಧವನ್ನಾದರೂ ಅವನಿಗೆ ಸಲ್ಲಿಸೋಣ.